ಗಂಗ ಮಾರಸಿಂಹ: ಹಲವನ್ನು ಇಳಿಸಿ ಒಂದಕ್ಕೆ ಬಂದ ದೊರೆ

ಹಾವೇರಿ ಜಿಲ್ಲೆಯ ಬಂಕಾಪುರವನ್ನು ಇಂದು ಜನರು ಕೋಟೆಯೊಳಗಿನ ನವಿಲುಧಾಮದಿಂದಲೂ ಅರವತ್ತು ಕಂಬದ ಗುಡಿಯೆಂದು ಹೆಸರಾದ ನಗರೇಶ್ವರ ದೇವಾಲಯದಿಂದಲೂ ಗುರುತಿಸುತ್ತಾರೆ. ಜಿನಧರ್ಮದ ಇತಿಹಾಸದಲ್ಲಿ ಈ ಊರಿಗೆ ಅದಕ್ಕಿಂತ ಹಳೆಯದಾದ ಸ್ಥಾನವೊಂದಿದೆ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷನ ಸೇನಾನಿ ಬಂಕೆಯನ ಹೆಸರನ್ನು ಹೊತ್ತ ಊರಿದು. ಆತನ ಮಗ ಲೋಕಾದಿತ್ಯನು ಇಲ್ಲಿಂದ ಬನವಾಸಿ ನಾಡನ್ನು ಆಳುತ್ತಿದ್ದಾಗ, ಕ್ರಿ.ಶ. 898ರಲ್ಲಿ, ಗುಣಭದ್ರಾಚಾರ್ಯರ ಉತ್ತರಪುರಾಣಕ್ಕೆ ಇಲ್ಲಿ ಪೂಜೆ ಸಂದಿತು. ಅದಾಗಿ ಮುಕ್ಕಾಲು ಶತಮಾನ ಕಳೆದ ಮೇಲೆ, 974ರ ಸುಮಾರಿಗೆ, ಇದೇ ಊರಿಗೆ ಒಬ್ಬ ದೊರೆಯು ತನ್ನ ದೊರೆತನವನ್ನು ಬಿಟ್ಟು ಬಂದನು. ಅಜಿತಸೇನ ಭಟ್ಟಾರಕರ ಪಾದಸನ್ನಿಧಿಯಲ್ಲಿ ಮೂರು ದಿನ ವ್ರತದಲ್ಲಿದ್ದು ಸಮಾಧಿಮರಣವನ್ನು ಸಾಧಿಸಿದನು. ಆತನೇ ಗಂಗವಂಶದ ಇಮ್ಮಡಿ ಮಾರಸಿಂಹ.

ಆ ಮೂರು ದಿನಗಳಲ್ಲಿ ಆತನ ಮುಂದೆ ಇದ್ದುದು ಒಂದೇ ಕಾರ್ಯ. ಅದಕ್ಕೆ ಹಿಂದಿನ ಹತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಆತನ ಹೆಗಲ ಮೇಲೆ ಇದ್ದ ಕಾರ್ಯಗಳಿಗೆ ಲೆಕ್ಕವಿರಲಿಲ್ಲ. ಹಲವರಿಂದ ಒಂದಕ್ಕೆ ಆತನು ಬಂದ ದಾರಿಯಲ್ಲಿ, ಕೆಲಸಗಳ ನಡುವೆ ಹರಿದು ಹಂಚಿಹೋಗುತ್ತಿರುವ ಇಂದಿನ ಗೃಹಸ್ಥನಿಗೂ ಒಂದು ಪಾಠವಿದೆ.

ಮಾರಸಿಂಹನು ಇಮ್ಮಡಿ ಬೂತುಗನ ಮಗ. ಕ್ರಿ.ಶ. 949ರ ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಬೂತುಗನಿಗೆ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನು ಬನವಾಸಿ ಹನ್ನೆರಡು ಸಾವಿರ, ಬೆಳ್ವೊಲ ಮುನ್ನೂರು, ಪುಲಿಗೆರೆ ಮುನ್ನೂರು ಮೊದಲಾದ ನಾಡುಗಳನ್ನು ಮೆಚ್ಚಿ ಕೊಟ್ಟಿದ್ದನು. ಹೀಗೆ ಗಂಗರ ಮನೆತನವು ದಕ್ಷಿಣದ ತಲಕಾಡಿನಲ್ಲಿ ಬೇರೂರಿ ಉತ್ತರದವರೆಗೂ ಕೈಚಾಚಿ ನಿಂತಿತು. 963ರ ಸುಮಾರಿಗೆ ಪಟ್ಟವೇರಿದ ಮಾರಸಿಂಹನಿಗೆ ಸಂಪತ್ತಿನೊಂದಿಗೆ ಅದನ್ನು ಕಾಯುವ ಹೊಣೆಯೂ ಬಂದಿತು. ಆತನು ಗಂಗವಾಡಿಗೆ ಒಡೆಯ, ರಾಷ್ಟ್ರಕೂಟ ಚಕ್ರವರ್ತಿಗೆ ಮಾಂಡಲಿಕ, ಚಕ್ರವರ್ತಿಯ ಮನೆತನಕ್ಕೆ ನಂಟ, ಜಿನಾಲಯಗಳಿಗೆ ದಾನಿ, ಗುರುಗಳಿಗೆ ಶಿಷ್ಯ.

ಆತನು ಕೇವಲ ಕತ್ತಿಯನ್ನು ನಂಬಿದವನಲ್ಲ. ಕೂಡ್ಲೂರು ತಾಮ್ರಶಾಸನವು ಆತನನ್ನು ಶಾಸ್ತ್ರಜ್ಞನೆಂದೂ ಜಿನಪಾದಭಕ್ತನೆಂದೂ ಕೊಂಡಾಡುತ್ತದೆ. ವಾದಿಘಂಘಲ ಭಟ್ಟನೆಂದು ಖ್ಯಾತನಾದ ಮುಂಜಾರ್ಯನೆಂಬ ಜೈನ ವಿದ್ವಾಂಸನಿಗೆ ಆತನು ಗ್ರಾಮವೊಂದನ್ನು ದಾನವಿತ್ತ ಸಂಗತಿ ಅದರಲ್ಲಿದೆ. ಬಂಕಾಪುರಕ್ಕೆ ಸಮೀಪದ ಪುಲಿಗೆರೆಯಲ್ಲಿ, ಅಂದರೆ ಇಂದಿನ ಲಕ್ಷ್ಮೇಶ್ವರದಲ್ಲಿ, ಗಂಗಕಂದರ್ಪ ಎಂಬ ಆತನ ಬಿರುದನ್ನೇ ಹೊತ್ತ ಜಿನಮಂದಿರವಿದ್ದಿತು. 968ರಲ್ಲಿ ಅದಕ್ಕೆ ಆತನು ದತ್ತಿ ಬಿಟ್ಟನು. ಹಲವು ಸ್ಥಳಗಳಲ್ಲಿ ಬಸದಿಗಳನ್ನೂ ಮಾನಸ್ತಂಭಗಳನ್ನೂ ಮಾಡಿಸಿದನು.

ಆತನ ಕಾರ್ಯಗಳ ಪೂರ್ಣ ಪಟ್ಟಿಯನ್ನು ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿರುವ ಕೂಗೆ ಬ್ರಹ್ಮದೇವರ ಕಂಬದ ಶಾಸನದಲ್ಲಿ ಕಾಣಬಹುದು. ಮುಮ್ಮಡಿ ಕೃಷ್ಣನಿಗಾಗಿ ಉತ್ತರದ ನಾಡನ್ನು ಗೆದ್ದು ಗುರ್ಜರಾಧಿರಾಜನೆನಿಸಿದುದು, ವಿಂಧ್ಯದ ಕಾಡಿನ ಕಿರಾತರನ್ನು ಚದರಿಸಿದುದು, ವಜ್ಜಳನನ್ನು ಸೋಲಿಸಿದುದು, ಬನವಾಸಿಯನ್ನು ವಶಪಡಿಸಿಕೊಂಡುದು, ಉಚ್ಚಂಗಿಯ ಕೋಟೆಯನ್ನು ಹಿಡಿದುದು, ಚಾಲುಕ್ಯ ರಾಜಾದಿತ್ಯನನ್ನು ಎದುರಿಸಿದುದು, ನೊಳಂಬರನ್ನು ನಿರ್ಮೂಲ ಮಾಡಿ ನೊಳಂಬಕುಲಾಂತಕನೆನಿಸಿದುದು, ಮಾನ್ಯಖೇಟದಲ್ಲಿ ಚಕ್ರವರ್ತಿಯ ಬೀಡನ್ನು ತನ್ನ ಭುಜಬಲದಿಂದ ಕಾಪಾಡಿದುದು, ಇಂದ್ರರಾಜನಿಗೆ ಪಟ್ಟ ಕಟ್ಟಿದುದು ಇವೆಲ್ಲ ಅಲ್ಲಿ ಒಂದರ ಹಿಂದೆ ಒಂದು ಬರುತ್ತವೆ. ತಾಪಿ ನದಿಯ ದಡ, ಮಾನ್ಯಖೇಟ, ಗೋನೂರು, ಉಚ್ಚಂಗಿ, ಬನವಾಸಿ ಎಂದು ರಣಭೂಮಿಗಳ ಹೆಸರುಗಳು ಸಾಲುಗಟ್ಟುತ್ತವೆ. ತಲಕಾಡಿನಿಂದ ತಾಪಿಯವರೆಗೆ ನೇರ ಗೆರೆ ಎಳೆದರೂ ಒಂಬತ್ತುನೂರು ಕಿಲೋಮೀಟರಿಗೂ ಹೆಚ್ಚಾಗುತ್ತದೆ. ಕುದುರೆಯ ವೇಗವೇ ಸುದ್ದಿಯ ವೇಗವೂ ಆಗಿದ್ದ ಕಾಲದಲ್ಲಿ ಒಬ್ಬನೇ ವ್ಯಕ್ತಿ ಇಷ್ಟು ದೂರದ ಎರಡು ತುದಿಗಳಿಗೆ ಹೊಣೆಯಾಗಿದ್ದನು.

ಆ ಪಟ್ಟಿಯ ಯಾವ ಕಾರ್ಯವೂ ಆತನ ಅಸಾಮರ್ಥ್ಯವನ್ನು ತೋರುವುದಿಲ್ಲ. ಕೈಹಾಕಿದ ಕಡೆಯಲ್ಲೆಲ್ಲ ಆತನು ಗೆದ್ದನು. ಆದರೂ ಆತನು ಎತ್ತಿಹಿಡಿಯಲು ಹೆಣಗಿದ ಮಹಾರಾಜ್ಯ ಉಳಿಯಲಿಲ್ಲ. 967ರಲ್ಲಿ ಮುಮ್ಮಡಿ ಕೃಷ್ಣನು ತೀರಿಕೊಂಡನು. 972ರಲ್ಲಿ ಪರಮಾರ ಸೀಯಕನು ಮಾನ್ಯಖೇಟವನ್ನು ಕೊಳ್ಳೆಹೊಡೆದನು. 973ರಲ್ಲಿ ಚಾಲುಕ್ಯ ತೈಲಪನು ರಾಷ್ಟ್ರಕೂಟ ಇಮ್ಮಡಿ ಕರ್ಕನನ್ನು ಸೋಲಿಸಿ ಸಿಂಹಾಸನವನ್ನು ವಶಮಾಡಿಕೊಂಡನು. ಇಂದ್ರನಿಗೆ ಕಟ್ಟಿದ ಪಟ್ಟವೂ ನೆಲೆಗೊಳ್ಳಲಿಲ್ಲ. ಒಂದು ದಿಕ್ಕಿನಲ್ಲಿ ಗೆದ್ದು ಬರುವಷ್ಟರಲ್ಲಿ ಇನ್ನೊಂದು ದಿಕ್ಕಿನಿಂದ ಕರೆ. ಅದನ್ನು ಮುಗಿಸುವಷ್ಟರಲ್ಲಿ ಮೊದಲು ಗೆದ್ದುದಕ್ಕೆ ಮತ್ತೆ ಅಪಾಯ. ಮುಗಿದ ಕೆಲಸವೊಂದು ಮುಗಿಯದ ಎರಡನ್ನು ಹೆರುವುದು ಲೋಕದ ವ್ಯವಹಾರದ ಸ್ವಭಾವ. ಸಮರ್ಥನ ಬಳಿಗೇ ಕೆಲಸಗಳು ಹುಡುಕಿಕೊಂಡು ಬರುತ್ತವೆ. ಆತನು ಗೆದ್ದಷ್ಟೂ ಹೆಚ್ಚು ಬರುತ್ತವೆ. ಮಾರಸಿಂಹನ ಕಷ್ಟ ಸೋತವನ ಕಷ್ಟವಾಗಿರಲಿಲ್ಲ, ಎಲ್ಲ ಕಡೆಯೂ ಬೇಕಾದವನ ಕಷ್ಟವಾಗಿತ್ತು.

ಹೀಗೆ ಹಂಚಿಹೋದ ಮನಸ್ಸಿನ ವಿಷಯದಲ್ಲಿ ಜಿನಾಗಮದ ಬೋಧೆ ಸ್ಪಷ್ಟವಾಗಿದೆ. ಜೀವದ ಲಕ್ಷಣ ಉಪಯೋಗ. ಅದು ದರ್ಶನವೆಂದೂ ಜ್ಞಾನವೆಂದೂ ಎರಡು ಬಗೆ. ಛದ್ಮಸ್ಥನಿಗೆ, ಎಂದರೆ ಕೇವಲಜ್ಞಾನವನ್ನು ಪಡೆಯದ ನಮ್ಮಂಥ ಜೀವರಿಗೆ, ದರ್ಶನವು ಮೊದಲು ಬರುತ್ತದೆ, ಜ್ಞಾನವು ಆಮೇಲೆ. ಇವೆರಡೂ ಒಮ್ಮೆಗೇ ಉಂಟಾಗುವುದಿಲ್ಲ. ಎರಡೂ ಕೂಡಿ ಬೆಳಗುವುದು ಕೇವಲಿ ಭಗವಂತನಲ್ಲಿ ಮಾತ್ರ. ಸೂರ್ಯನಲ್ಲಿ ಬೆಳಕೂ ಬಿಸಿಲೂ ಒಟ್ಟಿಗಿರುವಂತೆ ಎಂದು ಕುಂದಕುಂದಾಚಾರ್ಯರು ಅದನ್ನು ತಿಳಿಸಿದ್ದಾರೆ. ಒಂದು ವಸ್ತುವನ್ನು ಕಂಡು ತಿಳಿಯುವುದಕ್ಕೇ ಕ್ರಮವನ್ನು ಹಿಡಿಯಬೇಕಾದ ಜೀವವು ಹತ್ತು ವಸ್ತುಗಳನ್ನು ಒಂದೇ ಕ್ಷಣದಲ್ಲಿ ಹಿಡಿಯುತ್ತೇನೆಂದರೆ ಅದು ತನ್ನ ಅವಸ್ಥೆಯನ್ನು ಮರೆತಂತೆಯೇ ಸರಿ.

ಇದಕ್ಕೆ ಒಪ್ಪುವ ಒಂದು ಪ್ರಸಂಗ ಶ್ವೇತಾಂಬರ ಪರಂಪರೆಯ ಆವಶ್ಯಕ ಸಾಹಿತ್ಯದಲ್ಲಿದೆ. ಅದರಲ್ಲಿ ಬರುವ ಮುನಿಯ ಹೆಸರೂ ಗಂಗ. ಗಂಗವಂಶಕ್ಕೂ ಅವರಿಗೂ ಸಂಬಂಧವಿಲ್ಲ. ಆ ಮುನಿಯು ನದಿಯೊಂದನ್ನು ದಾಟುತ್ತಿದ್ದಾಗ ಕಾಲಿಗೆ ನೀರಿನ ತಂಪೂ ತಲೆಗೆ ಬಿಸಿಲಿನ ತಾಪವೂ ತಗುಲಿದವು. ಎರಡು ಕ್ರಿಯೆಗಳನ್ನು ಒಂದೇ ಸಮಯದಲ್ಲಿ ಅನುಭವಿಸಿದೆನೆಂದು ಅವರು ಸಾಧಿಸತೊಡಗಿದರು. ಗುರುಗಳು ಅದನ್ನು ಒಪ್ಪಲಿಲ್ಲ. ಒಂದರ ಮೇಲೊಂದು ಇಟ್ಟ ನೂರು ಕಮಲದಳಗಳನ್ನು ಸೂಜಿ ಚುಚ್ಚಿದಾಗ ಎಲ್ಲವೂ ಒಮ್ಮೆಗೇ ತೂತಾದಂತೆ ತೋರುತ್ತದೆ. ಆದರೆ ಸೂಜಿಯು ಒಂದನ್ನು ದಾಟಿದ ಮೇಲೆಯೇ ಇನ್ನೊಂದನ್ನು ಮುಟ್ಟುತ್ತದೆ. ಮನಸ್ಸು ಅಷ್ಟು ವೇಗವಾಗಿ ಓಡುವುದರಿಂದ ಎರಡು ಅನುಭವಗಳು ಒಂದೇ ಸಮಯದವೆಂಬ ಭ್ರಮೆ ಉಂಟಾಗುತ್ತದೆ. ಏಕಕಾಲದಲ್ಲಿ ಹಲವು ಕೆಲಸ ಮಾಡುವೆನೆನ್ನುವವನು ನಿಜವಾಗಿ ಮಾಡುತ್ತಿರುವುದು ಹಲವು ಕೆಲಸಗಳ ನಡುವಣ ಓಡಾಟ ಮಾತ್ರ.

ಆ ಓಡಾಟಕ್ಕೆ ಬೆಲೆಯಿದೆ. ಒಂದರಿಂದ ಇನ್ನೊಂದಕ್ಕೆ ಹಾರಿದಾಗ ಮನಸ್ಸಿನ ಒಂದು ಪಾಲು ಹಿಂದಿನದರಲ್ಲಿಯೇ ಉಳಿದುಬಿಡುತ್ತದೆ. ಇಂದಿನ ಮನೋವಿಜ್ಞಾನಿಗಳು ಅದನ್ನು ಗಮನದ ಶೇಷ ಎಂದು ಕರೆಯುತ್ತಾರೆ. ತತ್ತ್ವಾರ್ಥಸೂತ್ರಕಾರರಾದ ಉಮಾಸ್ವಾಮಿಗಳು ಸಾಮಾಯಿಕದ ಅತಿಚಾರಗಳನ್ನು ಹೇಳುವಾಗ ಮನ, ವಚನ, ಕಾಯಗಳ ತಪ್ಪು ಪ್ರವೃತ್ತಿಯನ್ನೂ ಅನಾದರವನ್ನೂ ಹೆಸರಿಸಿ, ಅವುಗಳ ಜೊತೆಗೆ ಸ್ಮೃತ್ಯನುಪಸ್ಥಾನವನ್ನು ಇಟ್ಟಿದ್ದಾರೆ. ಮಾಡುತ್ತಿರುವುದರಲ್ಲಿ ನೆನಪು ನಿಲ್ಲದಿರುವುದೇ ಅದು. ದೇಹ ಆಸನದಲ್ಲಿದೆ, ತುಟಿ ಪಾಠವನ್ನು ನುಡಿಯುತ್ತಿದೆ, ನೆನಪು ಅಂಗಡಿಯಲ್ಲಿದೆ. ಮಾಡಿದುದು ಎಷ್ಟಾಯಿತೆಂಬುದೂ ಮರೆತುಹೋಗುತ್ತದೆ. ಆಚಾರ್ಯರು ಇದನ್ನು ಪ್ರಮಾದದ ಸಾಲಿಗೆ ಸೇರಿಸಿದರು. ಏಕೆಂದರೆ ಎಚ್ಚರ ತಪ್ಪಿದಲ್ಲಿಯೇ ಹಿಂಸೆಯು ಒಳಗೆ ಬರುತ್ತದೆ. ನಡೆಯುವಾಗ ನಡೆಯುವುದರಲ್ಲಿಯೇ ಕಣ್ಣಿಡಬೇಕೆಂಬ ಈರ್ಯಾ ಸಮಿತಿಯ ಹುರುಳೂ ಇದೇ.

ರಾಜನ ಮನಸ್ಸಿಗೆ ಈ ಅಪಾಯ ಇನ್ನೂ ದೊಡ್ಡದು. ಕಳೆದುಕೊಳ್ಳುವೆನೆಂಬ ಕೊರಗು ಆರ್ತಧ್ಯಾನ. ಹಗೆಯನ್ನು ಅಳಿಸಬೇಕೆಂಬ ಕಾವು ರೌದ್ರಧ್ಯಾನ. ಯುದ್ಧದಿಂದ ಯುದ್ಧಕ್ಕೆ ಹೋಗುವವನಿಗೆ ಇವೆರಡರ ನಡುವೆ ಬಿಡುವೇ ದೊರೆಯುವುದಿಲ್ಲ. ಬಸದಿಯನ್ನು ಕಟ್ಟಿಸಿದ ಕೈಯೇ ಉಚ್ಚಂಗಿಯಲ್ಲಿ ಕತ್ತಿಯನ್ನೂ ಹಿಡಿದಿತ್ತು. ಗೃಹಸ್ಥನಾದ ಕ್ಷತ್ರಿಯನಿಗೆ ವಿರೋಧಿ ಹಿಂಸೆ ಪೂರ್ಣವಾಗಿ ತಪ್ಪದೆಂದು ಶ್ರಾವಕಾಚಾರವು ಬಲ್ಲದು. ಆದರೆ ತಪ್ಪದ ಹಿಂಸೆಯೂ ಬಂಧಕ್ಕೆ ಕಾರಣವೇ. ಅದನ್ನು ನೆನೆದು, ಆಲೋಚನೆ ಮಾಡಿ, ತೊಳೆದುಕೊಳ್ಳುವುದಕ್ಕೆ ಬೇಕಾಗುವುದು ನಿಂತ ಮನಸ್ಸು. ಓಡುವ ಮನಸ್ಸಿಗೆ ಪಶ್ಚಾತ್ತಾಪಕ್ಕೂ ಸಮಯವಿರುವುದಿಲ್ಲ. ಹಲವು ಕಾರ್ಯಗಳ ಅತಿ ದೊಡ್ಡ ನಷ್ಟವಿದು.

ಮಾರಸಿಂಹನು ಆ ಓಟವನ್ನು ನಿಲ್ಲಿಸಿದನು. ಶಾಸನದ ಪ್ರಕಾರ ಆತನು ರಾಜ್ಯವನ್ನು ತ್ಯಜಿಸಿದುದು ಮೊದಲು. ಒಂದು ವರ್ಷದ ಬಳಿಕ ಬಂಕಾಪುರದಲ್ಲಿ ಆರಾಧನಾ ವಿಧಿಯನ್ನು ಕೈಗೊಂಡುದು ಆಮೇಲೆ. ಈ ಒಂದು ವರ್ಷದ ಅಂತರವನ್ನು ಗಮನಿಸಬೇಕು. ಹತ್ತಾರು ಯುದ್ಧಗಳನ್ನು ಎಣಿಸುವ ಕಂಬವು ಆ ವರ್ಷದ ಲೆಕ್ಕದಲ್ಲಿ ಒಂದು ಯುದ್ಧವನ್ನೂ ಹೇಳುವುದಿಲ್ಲ. ಆತನು ಸಿಂಹಾಸನದಿಂದ ಇಳಿದ ದಿನವೇ ಗುರುಪೀಠದ ಮುಂದೆ ಕುಳಿತವನಲ್ಲ. ಹೊರಗಿನ ಭಾರ ಇಳಿದರೂ ಒಳಗಿನ ಶೇಷ ಕೂಡಲೇ ಇಳಿಯುವುದಿಲ್ಲ. ಕಾಲಿನಿಂದ ಮುಳ್ಳನ್ನು ಕಿತ್ತ ಮೇಲೂ ನೋವು ಕೆಲವು ಕಾಲ ನಿಲ್ಲುತ್ತದೆ. ಶಲ್ಯವಿಲ್ಲದವನೇ ವ್ರತಿಯೆಂದು ಉಮಾಸ್ವಾಮಿಗಳು ಹೇಳಿದರು. ಮಾಯೆ, ಮಿಥ್ಯಾತ್ವ, ನಿದಾನ ಇವು ಮೂರು ಶಲ್ಯಗಳು. ಮುಂದೆ ಹೀಗಾಗಲಿ, ಹಾಗೆ ದೊರೆಯಲಿ ಎಂಬ ನಿದಾನದ ಮುಳ್ಳು ರಾಜ್ಯವನ್ನು ಬಿಟ್ಟವನ ಎದೆಯಲ್ಲಿಯೂ ಉಳಿಯಬಲ್ಲದು.

ಸೋತ ಪಕ್ಷದಲ್ಲಿದ್ದುದರಿಂದ ಆತನು ಬೇಸತ್ತು ಬಿಟ್ಟನೆಂದು ಯಾರಾದರೂ ಹೇಳಬಹುದು. ಬೇಸರದಿಂದ ಬಿಡುವುದಕ್ಕೂ ವಿವೇಕದಿಂದ ಇಳಿಸುವುದಕ್ಕೂ ವ್ಯತ್ಯಾಸವಿದೆ. ಬೇಸತ್ತವನು ಹೊರೆಯನ್ನು ದಾರಿಯ ನಡುವೆ ಎಸೆಯುತ್ತಾನೆ. ವಿವೇಕಿಯು ಅದನ್ನು ಹೊರಬಲ್ಲವರ ಬಳಿಯಲ್ಲಿ ಇಳಿಸುತ್ತಾನೆ. ಮಾರಸಿಂಹನ ರಾಜ್ಯದಲ್ಲಿ ಚಾವುಂಡರಾಯನಂಥ ಮಂತ್ರಿಯೂ ಸೇನಾನಿಯೂ ಇದ್ದನು. ಗೋನೂರಿನ ಕಾಳಗದಲ್ಲಿ ವೀರಮಾರ್ತಂಡನೆಂದೂ ಉಚ್ಚಂಗಿಯ ಕಾಳಗದಲ್ಲಿ ರಣರಂಗಸಿಂಗನೆಂದೂ ಬಿರುದು ಪಡೆದವನು ಆತನು. ದೊರೆಯ ಬಳಿಕ ಗಂಗರಾಜ್ಯದಲ್ಲಿ ಗೊಂದಲಗಳು ತಲೆಯೆತ್ತಿದವು. ಆದರೂ ಚಾವುಂಡರಾಯನು ರಾಚಮಲ್ಲನ ಕಾಲದಲ್ಲಿಯೂ ಮಂತ್ರಿಯಾಗಿ ಆ ಭಾರವನ್ನು ಹೊತ್ತನು. ತನ್ನಿಂದಲೇ ಎಲ್ಲವೂ ನಡೆಯಬೇಕೆಂಬ ಭಾವವು ಕರ್ತವ್ಯದ ವೇಷ ತೊಟ್ಟ ಅಹಂಕಾರ. ಅದನ್ನು ಬಿಡುವುದು ಮಾರಸಿಂಹನಂಥ ಗಂಗಚೂಡಾಮಣಿಗೆ ಉಚ್ಚಂಗಿಯನ್ನು ಹಿಡಿಯುವುದಕ್ಕಿಂತಲೂ ಕಠಿಣವಾದ ಗೆಲುವು.

ಆತನು ಆರಿಸಿಕೊಂಡ ಗುರುಗಳು ಅಜಿತಸೇನ ಭಟ್ಟಾರಕರು. ಚಾವುಂಡರಾಯನಿಗೂ ರಾಚಮಲ್ಲನಿಗೂ ಅವರೇ ಗುರುಗಳು. ಮುದುವೊಳಲಿನ ಬಳೆಗಾರರ ಮನೆಯಲ್ಲಿ ಹುಟ್ಟಿ ವಿದ್ಯೆಯನ್ನು ಅರಸಿ ಬಂದ ರನ್ನನೂ ಅವರ ಶಿಷ್ಯನೇ. ಕವಿಯೂ ಮಂತ್ರಿಯೂ ದೊರೆಯೂ ಬಂದು ಕುಳಿತ ಆ ಸನ್ನಿಧಿಯಲ್ಲಿ ಮಾರಸಿಂಹನು ತನ್ನ ಕೊನೆಯ ಕಾರ್ಯವನ್ನು ಇಟ್ಟುಕೊಂಡನು.

ಸಲ್ಲೇಖನದ ವಿಧಿಯನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ನಿರೂಪಿಸಿದ್ದಾರೆ. ಅದು ಸಾವನ್ನು ಬಯಸುವ ವ್ರತವಲ್ಲ. ಬದುಕುವ ಆಸೆಯಂತೆ ಸಾಯುವ ಆಸೆಯನ್ನೂ ಆಚಾರ್ಯರು ಅದರ ಅತಿಚಾರವೆಂದೇ ಎಣಿಸಿದ್ದಾರೆ. ಅದರ ಜೀವಾಳ ಕ್ರಮದಲ್ಲಿದೆ. ಮೊದಲು ಸ್ನೇಹ, ವೈರ, ಮಮತೆ, ಪರಿಗ್ರಹಗಳನ್ನು ಬಿಟ್ಟು ಮನಸ್ಸನ್ನು ತಿಳಿಮಾಡಿಕೊಳ್ಳಬೇಕು. ಬಳಿಕ ಬಂಧುಗಳನ್ನೂ ಪರಿಜನರನ್ನೂ ಕ್ಷಮಿಸಿ, ಪ್ರಿಯವಾದ ಮಾತಿನಿಂದ ಅವರಲ್ಲಿ ಕ್ಷಮೆಯನ್ನು ಬೇಡಬೇಕು. ಆಮೇಲೆ ತಾನು ಮಾಡಿದ, ಮಾಡಿಸಿದ, ಅನುಮೋದಿಸಿದ ಪಾಪಗಳನ್ನು ಕಪಟವಿಲ್ಲದೆ ಆಲೋಚನೆ ಮಾಡಬೇಕು. ಶೋಕ, ಭಯ, ಕಾಲುಷ್ಯಗಳನ್ನು ಬಿಟ್ಟು ಶ್ರುತದಿಂದ ಮನಸ್ಸನ್ನು ತಣಿಸಬೇಕು. ಆಹಾರದ ವಿಷಯವು ಇವೆಲ್ಲವೂ ಮುಗಿದ ಮೇಲೆ ಬರುತ್ತದೆ. ಒಂದು ಪೂರ್ಣವಾಗದೆ ಇನ್ನೊಂದಕ್ಕೆ ಹೋಗುವಂತಿಲ್ಲ. ವೈರವನ್ನು ಎದೆಯಲ್ಲಿ ಇಟ್ಟುಕೊಂಡು ಅನ್ನವನ್ನು ಬಿಟ್ಟರೆ ಅದು ಹಸಿವು ಮಾತ್ರ, ವ್ರತವಲ್ಲ.

ನೊಳಂಬಕುಲಾಂತಕನೆಂಬ ಬಿರುದು ಹೊತ್ತವನಿಗೆ ಈ ಕ್ರಮದಲ್ಲಿ ಮೊದಲನೆಯ ಹೆಜ್ಜೆಯೇ ಎಷ್ಟು ಭಾರವಾದುದು. ತಾನು ಯಾರ ಕುಲಕ್ಕೆ ಅಂತಕನಾದನೋ ಅವರ ಮೇಲಣ ವೈರವನ್ನೂ, ಯಾರಿಗೆ ಪಟ್ಟ ಕಟ್ಟಿದನೋ ಆ ಸೋದರಳಿಯನ ಮೇಲಣ ಮಮತೆಯನ್ನೂ ಇಳಿಸಬೇಕಾಗಿತ್ತು. ಬಿರುದುಗಳು ಹೊರಗೆ ಉಳಿದವು. ಒಳಗೆ ಉಳಿದುದು ಜ್ಞಾತೃವೂ ದ್ರಷ್ಟೃವೂ ಆದ ಆತ್ಮ, ಅದರ ಮೇಲೆ ನೆಟ್ಟ ಒಂದೇ ಉಪಯೋಗ. ಚಿಂತೆಯನ್ನು ಒಂದೇ ವಿಷಯದಲ್ಲಿ ತಡೆದು ನಿಲ್ಲಿಸುವುದೇ ಧ್ಯಾನವೆಂದು ಉಮಾಸ್ವಾಮಿಗಳು ಅರ್ಥ ಹೇಳಿದ್ದಾರೆ. ಉತ್ತಮ ಸಂಹನನವುಳ್ಳವನಿಗೂ ಅದು ಒಂದು ಅಂತರ್ಮುಹೂರ್ತದೊಳಗಿನ ಮಾತು ಎಂದೂ ತಿಳಿಸಿದ್ದಾರೆ. ಮುಹೂರ್ತವೆಂದರೆ 48 ನಿಮಿಷ. ಬಲಶಾಲಿಯ ಮನಸ್ಸಿಗೂ ಮಿತಿಯಿದೆಯೆಂದು ಬಲ್ಲ ಗುರುಗಳು ಪಕ್ಕದಲ್ಲಿದ್ದು, ಜಾರಿದ ಚಿತ್ತವನ್ನು ಮತ್ತೆ ಮತ್ತೆ ಮರಳಿ ತರುತ್ತಾರೆ. ನಿರ್ಯಾಪಕಾಚಾರ್ಯರ ಹೊಣೆ ಅದೇ. ಮೂರು ದಿನಗಳು ಹೀಗೆ ನಡೆದವು; ಮಾರಸಿಂಹನು ಸಮಾಧಿಯನ್ನು ಸಾಧಿಸಿದನು.

ಆತನು ಕತ್ತಿಯಿಂದ ಉಳಿಸಲು ಹೊರಟುದು ಉಳಿಯಲಿಲ್ಲ. ಇಳಿಸಿ ತೋರಿದುದು ಉಳಿಯಿತು. ಆತನಿಂದ ಪಟ್ಟ ಕಟ್ಟಿಸಿಕೊಂಡ ಇಂದ್ರರಾಜನು 982ರಲ್ಲಿ ಶ್ರವಣಬೆಳಗೊಳದಲ್ಲಿ ಸಲ್ಲೇಖನ ವ್ರತದಿಂದಲೇ ದೇಹವನ್ನು ಬಿಟ್ಟನು. ಮಾವನು ಕೊಟ್ಟ ಕಿರೀಟ ಅಳಿಯನ ತಲೆಯ ಮೇಲೆ ನಿಲ್ಲದಿದ್ದರೂ ಮಾವನು ನಡೆದ ದಾರಿ ಅಳಿಯನಿಗೆ ದೊರೆಯಿತು. ಚಾವುಂಡರಾಯನು 978ರಲ್ಲಿ ಅರುವತ್ತಮೂರು ಶಲಾಕಾಪುರುಷರ ಚರಿತೆಯನ್ನು ಕನ್ನಡ ಗದ್ಯದಲ್ಲಿ ಬರೆದು ಮುಗಿಸಿದನು. ಬಳಿಕ ವಿಂಧ್ಯಗಿರಿಯಲ್ಲಿ ಗೊಮ್ಮಟನನ್ನು ನಿಲ್ಲಿಸಿದನು. ಗೆದ್ದ ರಾಜ್ಯವನ್ನು ಬಿಟ್ಟು ಒಂದೇ ನಿಲುವಿನಲ್ಲಿ ನಿಂತ ಬಾಹುಬಲಿಯು ಆತನಿಗೆ ಆರಾಧ್ಯನಾದನು.

ಗೃಹಸ್ಥನಿಗೆ ರಾಜ್ಯವಿಲ್ಲ, ಆದರೆ ಎಂಟು ದಿಕ್ಕಿನಿಂದ ಬರುವ ಕರೆಗಳಿವೆ. ಊಟದ ತಟ್ಟೆಯ ಪಕ್ಕದಲ್ಲಿ ಮೊಬೈಲು, ಕಚೇರಿಯ ಕಡತದ ನಡುವೆ ಮನೆಯ ಚಿಂತೆ, ಜಿನಪೂಜೆಯ ನಡುವೆ ಕಚೇರಿಯ ಚಿಂತೆ. ಇದಕ್ಕೆ ಮದ್ದನ್ನು ಶ್ರಾವಕನ ವ್ರತಗಳಲ್ಲಿಯೇ ಇಟ್ಟಿದ್ದಾರೆ. ದಿಗ್ವ್ರತವು ಜೀವನವಿಡೀ ತಾನು ಹೋಗುವ ದಿಕ್ಕಿಗೆ ಎಲ್ಲೆ ಕಟ್ಟುತ್ತದೆ. ದೇಶವ್ರತವು ಆ ಎಲ್ಲೆಯನ್ನು ಇಂದಿನ ದಿನಕ್ಕೆ ಇನ್ನಷ್ಟು ಕಿರಿದುಗೊಳಿಸುತ್ತದೆ. ಅನರ್ಥದಂಡ ವಿರತಿಯು ಪ್ರಯೋಜನವಿಲ್ಲದ ಪ್ರವೃತ್ತಿಯನ್ನು ಬಿಡಿಸುತ್ತದೆ. ಸಾಮಾಯಿಕವು ಒಂದು ಮುಹೂರ್ತವನ್ನು ಒಂದಕ್ಕೇ ಮೀಸಲಿಡುತ್ತದೆ. ಪ್ರತಿಕ್ರಮಣವು ದಿನದ ಕೊನೆಗೆ ಉಳಿದ ಮುಳ್ಳುಗಳನ್ನು ಕೀಳುತ್ತದೆ. ಬೆಳಗ್ಗೆ ಎದ್ದಾಗ ಇಂದು ಏನನ್ನು ಮಾಡಬೇಕೆಂದು ಎಣಿಸುವ ಮೊದಲು ಇಂದು ಏನನ್ನು ಮಾಡಬೇಕಾಗಿಲ್ಲವೆಂದು ಎಣಿಸಿದವನಿಗೆ ದೇಶವ್ರತದ ಬಾಗಿಲು ತೆರೆಯುತ್ತದೆ. ಕೈಯಲ್ಲಿರುವುದನ್ನು ಮುಗಿಸಿ, ಅಥವಾ ಬಲ್ಲವರಿಗೆ ಒಪ್ಪಿಸಿ, ಆಮೇಲೆಯೇ ಮುಂದಿನದಕ್ಕೆ ಕೈಚಾಚುವವನು ದಿನದಲ್ಲಿ ಕಡಮೆ ಕೆಲಸಗಳನ್ನು ಮಾಡಿದಂತೆ ತೋರಬಹುದು. ಆದರೆ ಮಾಡಿದುದರಲ್ಲಿ ಆತನು ಪೂರ್ಣವಾಗಿ ಇದ್ದನು.

ಮಾರಸಿಂಹನಿಗೆ ಆ ಪಾಠವು ಬಾಳಿನ ಕೊನೆಯ ವರ್ಷದಲ್ಲಿ ಒದಗಿತು. ಅದನ್ನು ಕಲಿಯಲು ಕೊನೆಯ ವರ್ಷದವರೆಗೆ ಕಾಯಬೇಕಾಗಿಲ್ಲ. ಇಂದಿನ ಒಂದು ಮುಹೂರ್ತವೇ ಸಾಕು.